ನಕಾಶೆಯ ಅಂಚಿನ ನೆಲ

ದಾದರಿನಿಂದ ಡೊಂಬಿವಲಿಗೆ ದಾರಿ ಹುಡುಕುವ ಫೋನಿನ ಚಪ್ಪಟೆ ನಕಾಶೆಯನ್ನು ನಾವು ಕುಗ್ಗಿಸುತ್ತ ಹೋದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ನಮ್ಮ ಭಾರತವೇ ಅದರ ಒಂದೂವರೆ ಪಟ್ಟು ಎಂದರೆ ಮಕ್ಕಳು ನಂಬಲೊಲ್ಲರು!

ಇದರ ಮೂಲ 1569ರಷ್ಟು ಹಿಂದಿನದು. ದಿಕ್ಸೂಚಿ ಹಿಡಿದು ಸಾಗುವ ಹಡಗಿನ ದಾರಿ ಕಾಗದದ ಮೇಲೆ ನೇರ ಗೆರೆಯಾಗಲೆಂದು ಮರ್ಕೇಟರ್ ಎಂಬ ಫ್ಲಾಂಡರ್ಸಿನ ಪಂಡಿತ, ಧ್ರುವದಲ್ಲಿ ಕೂಡುವ ರೇಖಾಂಶಗಳನ್ನು ಸಮಾನಾಂತರವಾಗಿ ಎಳೆದ. ಅಗಲ ಹಿಗ್ಗಿದಷ್ಟು ಎತ್ತರವನ್ನೂ ಹಿಗ್ಗಿಸಿದ. 19ನೆಯ ಅಕ್ಷಾಂಶದ ಮುಂಬಯಿಯಲ್ಲಿ ಈ ಹಿಗ್ಗು ನೂರಕ್ಕೆ ಆರು, 60ರಲ್ಲಿ ಎರಡು ಪಟ್ಟು, ಧ್ರುವದಲ್ಲಿ ಅನಂತ. ಅನಂತವನ್ನು ಯಾವ ಕಾಗದ ಹಿಡಿದೀತು? ಇದು ಅವನಿಗೇ ಗೊತ್ತಿತ್ತು. ಉತ್ತರ ಧ್ರುವಕ್ಕೆಂದು ಮೂಲೆಯಲ್ಲಿ ಬೇರೆಯೇ ಗುಂಡು ನಕಾಶೆ ಬರೆದ. 2005ರಲ್ಲಿ ಬಂದ ಗೂಗಲ್ ನಕಾಶೆಯಲ್ಲಿ ಆ ಮರ್ಯಾದೆಯೂ ಉಳಿಯಲಿಲ್ಲ. ಜಗತ್ತು ಸರಿಚೌಕವಾಗಲೆಂದು 85ರಾಚೆಯ ನೆಲವನ್ನು ಕತ್ತರಿಸಲಾಯಿತು. ಬೀದಿಗಳು ಕೂಡುವ ಕೋನ ಕೆಡದೆ ಉಳಿಯುತ್ತದೆ, ಆ ಲಾಭ ನಮಗಿದೆಯೆನ್ನಿ.

ಆ ಅಂಚು ನಮಗೆ ಪರಕೀಯವಲ್ಲ. 1981ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟ ಡಾ. ಎಸ್. ಝಡ್. ಕಾಸಿಂ ನೇತೃತ್ವದ 21 ಮಂದಿಯ ತಂಡ 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟಿತು. ಅಲ್ಲಿಯ ನಮ್ಮ ‘ಮೈತ್ರಿ’ ಕೇಂದ್ರ ಸುಮಾರು 71ನೆಯ ಅಕ್ಷಾಂಶದಲ್ಲಿದೆ. ಫೋನಿನಲ್ಲಿ ಅದರ ಸುತ್ತಲಿನ ನೆಲ ಒಂಬತ್ತು ಪಟ್ಟು ಊದಿಕೊಂಡಿರುತ್ತದೆ. ಮೈತ್ರಿಯಲ್ಲಿ ಭೂಮಿಯ ಕಾಂತತೆಯನ್ನು ಅಳೆಯುವವರು ಯಾರೆಂದುಕೊಂಡಿರಿ? ನಮ್ಮ ಹೊಸ ಪನವೇಲಿನ ಭಾರತೀಯ ಭೂಕಾಂತತ್ವ ಸಂಸ್ಥೆಯವರು, ಹಳೆಯ ಕೊಲಾಬಾ ವೀಕ್ಷಣಾಲಯದ ವಾರಸುದಾರರು. ಧ್ರುವ ಸಂಶೋಧಕರು ಬಳಸುವುದು ಧ್ರುವವನ್ನೇ ನಡುವಿಗಿಟ್ಟ ಗುಂಡು ನಕಾಶೆ. ದಕ್ಷಿಣದ 60ಕ್ಕೆ ಮುಗಿಯುವ ಅಂಥದರಲ್ಲಿ ಮುಂಬಯಿ ಹುಡುಕಿದರೂ ಸಿಗದು.