ಬನ್ನಿನ ಅಳತೆಗೆ ಬಂದ ಕೋಳಿ

ಅಮ್ಮ ಹೈದರಾಬಾದಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಕೋಳಿಯ ವಿಷಯಕ್ಕೆ ಒಂದು ಸಣ್ಣ ಜಗಳ ಆಗಿಯೇ ಆಗುತ್ತದೆ. ಮದ್ದೂರು ಕಡೆಯವರಾದ ಅವರು ಫಾರಂ ಕೋಳಿಯನ್ನು ಕೋಳಿ ಎಂದೇ ಒಪ್ಪುವುದಿಲ್ಲ. "ಅದ್ರಲ್ಲೇನೈತೆ, ಹತ್ತಿ ಅಗ್ದಂಗೆ ಆಯ್ತದೆ" ಎನ್ನುತ್ತಾರೆ. ಹದಿಮೂರು ವರ್ಷದ ಮಗಳಿಗೆ ಬೇಕಾದದ್ದು ಮಾಲಿನಲ್ಲಿ ಸಿಗುವ ಚಿಕನ್ ಬರ್ಗರ್. ಕಳೆದ ದಸರಾ ರಜೆಯಲ್ಲಿ ಇಬ್ಬರೂ ತಿನ್ನುವಂಥ ಬರ್ಗರನ್ನು ಮನೆಯಲ್ಲೇ ಮಾಡಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಸೂಪರ್ ಮಾರ್ಕೆಟ್ಟಿನಿಂದ ಎದೆಮಾಂಸ ತಂದು, ರುಬ್ಬಿ, ತಟ್ಟಿ, ಕಾವಲಿಯ ಮೇಲೆ ಸುಟ್ಟೆ. ಬಂದದ್ದು ಒಣ ಬಿಲ್ಲೆ. ಮಗಳು ಸಾಸ್ ಸುರಿದುಕೊಂಡು ಹೇಗೋ ತಿಂದಳು. ಅಮ್ಮ ಬನ್ನಿನ ಅಂಚು ಮುರಿದು ಕಾಫಿಗೆ ಅದ್ದಿಕೊಂಡರು.

ತಪ್ಪು ನನ್ನದೋ ಕೋಳಿಯದೋ ಎಂದು ಹುಡುಕಲು ಹೊರಟವನು ಅಡುಗೆಯನ್ನು ಬಿಟ್ಟು ಚರಿತ್ರೆಗೆ ಬಿದ್ದೆ. ಹಾಗೆ ಬೀಳಲು ಇನ್ನೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ನೂರು ವರ್ಷದ ಹಿಂದೆ ಅಮೆರಿಕದಲ್ಲೂ ಕೋಳಿ ಸಾಕುತ್ತಿದ್ದದ್ದು ಮೊಟ್ಟೆಗಾಗಿ. ಮಾಂಸ ಸಿಗುತ್ತಿದ್ದದ್ದು ಮೊಟ್ಟೆ ನಿಲ್ಲಿಸಿದ ಮುದಿ ಹ್ಯಾಟೆಯಿಂದ, ಬೇಡವಾದ ಹುಂಜದಿಂದ. ನಮ್ಮ ಅಜ್ಜಿಯ ಹಿತ್ತಲಲ್ಲೂ ಅದೇ ಲೆಕ್ಕ. ಹಬ್ಬ ಬರಬೇಕು, ಇಲ್ಲವೆ ನೆಂಟರು ಬರಬೇಕು. ಈ ಲೆಕ್ಕ ಬದಲಾದದ್ದು 1923ರಲ್ಲಿ, ಒಂದು ತಪ್ಪು ಆರ್ಡರಿನಿಂದ. ಡೆಲಾವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನ ಸೀಲಿಯಾ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗೆಂದು 50 ಮರಿ ತರಿಸಿದರೆ ಬಂದದ್ದು 500. ಆಕೆ ವಾಪಸು ಕಳಿಸಲಿಲ್ಲ. ಶೆಡ್ ಕಟ್ಟಿಸಿ ಸಾಕಿ, ಬದುಕುಳಿದ 387 ಹಕ್ಕಿಗಳನ್ನು ತಲಾ ಎರಡು ಪೌಂಡ್ ತೂಗುವಾಗ ಪೌಂಡಿಗೆ 62 ಸೆಂಟಿನಂತೆ ಮಾಂಸಕ್ಕೆ ಮಾರಿದರು. ಮರುವರ್ಷ ಸಾವಿರ ಮರಿ ತರಿಸಿದರು. 1926ರ ಹೊತ್ತಿಗೆ ಹತ್ತು ಸಾವಿರ ಹಕ್ಕಿ ಹಿಡಿಸುವ ಶೆಡ್ ಎದ್ದಿತ್ತು. ಆಕೆಯ ಮೊದಲ ಶೆಡ್ಡನ್ನು ಇಂದಿಗೂ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಅದೇ ಕಾಲಕ್ಕೆ, ಕಾಡ್ ಮೀನಿನೆಣ್ಣೆಯಲ್ಲಿರುವ ವಿಟಮಿನ್ ಡಿ ಕೊಟ್ಟರೆ ಬಿಸಿಲು ಕಾಣದ ಮರಿಗಳ ಕಾಲೂ ಸೊಟ್ಟಗಾಗುವುದಿಲ್ಲ ಎಂದು ಗೊತ್ತಾಗಿತ್ತು. ಕೋಳಿ ವರ್ಷಪೂರ್ತಿ ಮನೆಯೊಳಗಾಯಿತು.

ಆದರೆ ಆ ಹಕ್ಕಿ ಇನ್ನೂ ಹಳೆಯ ಹಕ್ಕಿಯೇ. ಎದೆಮೂಳೆ ಚೂಪು, ಮಾಂಸ ತೆಳ್ಳಗೆ. ಅದನ್ನು ಬದಲಿಸಿದ್ದು ಎ ಅಂಡ್ ಪಿ ಎಂಬ ದಿನಸಿ ಅಂಗಡಿಗಳ ಸರಣಿ ಮತ್ತು ಅಲ್ಲಿನ ಕೃಷಿ ಇಲಾಖೆ ಸೇರಿ ನಡೆಸಿದ 'ನಾಳೆಯ ಕೋಳಿ' ಸ್ಪರ್ಧೆ. ಆದರ್ಶ ಕೋಳಿ ಹೇಗಿರಬೇಕೆಂದು ಮೊದಲೇ ಒಂದು ಮೇಣದ ಬೊಂಬೆ ಮಾಡಿಸಿದ್ದರು! ತಳಿಗಾರರು ಕಳಿಸಿದ ಮೊಟ್ಟೆಗಳನ್ನು ಒಂದೇ ಕಡೆ ಮರಿ ಮಾಡಿಸಿ, ಒಂದೇ ಮೇವು ಹಾಕಿ, 12 ವಾರ ಸಾಕಿ, ಕೊಯ್ದು ತೂಗಿದರು. ಅಂಕ ಬಿದ್ದದ್ದು ಬೆಳೆದ ವೇಗಕ್ಕೆ, ತಿಂದ ಮೇವಿಗೆ ಕೂಡಿದ ತೂಕಕ್ಕೆ, ಎದೆಯ ಅಗಲಕ್ಕೆ, ತೊಡೆಯ ದಪ್ಪಕ್ಕೆ. 1948ರಲ್ಲೂ 1951ರಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಅವರ ಕೋಳಿ, ಕಾರ್ನಿಶ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಬೆರಕೆ. ಬೆರಕೆ ಹಕ್ಕಿಯ ಮರಿ ತಾಯಿಯಂತೆ ಬೆಳೆಯುವುದಿಲ್ಲ. ಆದ್ದರಿಂದ ರೈತ ಪ್ರತಿ ಸಲವೂ ಮರಿಯನ್ನು ಕಂಪನಿಯಿಂದಲೇ ಕೊಳ್ಳಬೇಕು. ಜಾರ್ಜಿಯಾದ ಜೆಸ್ಸಿ ಜ್ಯುವೆಲ್ 1930ರ ದಶಕದಲ್ಲೇ ಬಡ ರೈತರಿಗೆ ಮರಿಯನ್ನೂ ಮೇವನ್ನೂ ಸಾಲಕ್ಕೆ ಕೊಟ್ಟು, ಬೆಳೆದ ಹಕ್ಕಿಯನ್ನು ತಾನೇ ಕೊಳ್ಳುವ ದಾರಿ ತೋರಿಸಿದ್ದ. ಇವತ್ತು ನಮ್ಮಲ್ಲಿ ಕಾಂಟ್ರಾಕ್ಟಿಗೆ ಕೋಳಿ ಸಾಕುವ ರೈತನ ಸ್ಥಿತಿಯೂ ಹೆಚ್ಚುಕಮ್ಮಿ ಅದೇ. ಶೆಡ್ ಅವನದು, ಶೆಡ್ಡಿನ ಸಾಲ ಅವನದು, ಕೋಳಿ ಮಾತ್ರ ಅವನದಲ್ಲ.

ಹದಿನೆಂಟು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿದವನಿಗೆ ಈ ಅಂಕಪಟ್ಟಿ ಚೆನ್ನಾಗಿ ಅರ್ಥವಾಗುತ್ತದೆ. ನಾವೂ ಡ್ಯಾಶ್‌ಬೋರ್ಡಿನಲ್ಲಿ ಹಾಕಿದ್ದನ್ನು ಬೆಳೆಸುತ್ತೇವೆ, ಹಾಕದ್ದು ಸೊರಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಪಟ್ಟಿ ಮಾಡಿದ ಕೆಲಸವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರ ಒಂದು ಅಧ್ಯಯನದಲ್ಲಿ ತೋರಿಸಿದ್ದಾರೆ. ಬದಲಾಗದಂತೆ ಕಾಪಾಡಿದ್ದ 1957ರ ಮತ್ತು 1978ರ ತಳಿಗಳನ್ನೂ 2005ರ ಮಾರುಕಟ್ಟೆಯ ತಳಿಯನ್ನೂ ಒಂದೇ ಮೇವಿನ ಮೇಲೆ ಸಾಕಿದರು. 56ನೆಯ ದಿನ ಮೊದಲನೆಯದು 905 ಗ್ರಾಂ, ಎರಡನೆಯದು 1808 ಗ್ರಾಂ, ಮೂರನೆಯದು 4202 ಗ್ರಾಂ. ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ ಎಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ಸುದ್ದಿ ಬರುತ್ತದೆ. ಚುಚ್ಚಬೇಕಾಗಿಯೇ ಇಲ್ಲ, ಬೆಳವಣಿಗೆ ಮೊಟ್ಟೆಯೊಳಗೇ ಬರೆದಿದೆ. ನಮ್ಮ ಅಂಗಡಿಗೆ ಬರುವ ಬ್ರಾಯ್ಲರಿಗೆ ಸುಮಾರು ಆರು ವಾರ ವಯಸ್ಸು. ಓಡದ, ಕೆದಕದ, ಹಾರದ ಎಳೆಯ ಸ್ನಾಯುವಿನಲ್ಲಿ ರುಚಿ ಕೂಡಲು ಸಮಯವೇ ಸಿಗುವುದಿಲ್ಲ. ಅಮ್ಮನ ಹತ್ತಿಯ ಮಾತಿನಲ್ಲಿ ಹುರುಳಿದೆ.

ಬರ್ಗರಿನ ಬಿಲ್ಲೆಗೆ ಇನ್ನೊಬ್ಬರು ಬೇಕಿತ್ತು. ಕೋಳಿ ಅಗ್ಗವಾಯಿತು, ಆದರೆ ಇಡೀ ಕೋಳಿ ಕೊಂಡು ಎಷ್ಟು ದಿನ ತಿನ್ನುತ್ತಾರೆ? ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ ಅವರ ಕೆಲಸವೇ ಕೋಳಿಯನ್ನು ಹೊಸ ಹೊಸ ರೂಪದಲ್ಲಿ ಮಾರುವ ದಾರಿ ಹುಡುಕುವುದು. 1963ರಲ್ಲಿ ಅವರ ಪ್ರಯೋಗಾಲಯದಿಂದ 'ಚಿಕನ್ ಸ್ಟಿಕ್' ಬಂತು. ಇವತ್ತಿನ ನಗ್ಗೆಟ್ ಅದರ ವಂಶವೇ. ಚರ್ಮವಿಲ್ಲದ ರುಬ್ಬಿದ ಮಾಂಸ ಪುಡಿಪುಡಿಯಾಗದೆ ಹಿಡಿದು ನಿಲ್ಲಬೇಕಲ್ಲ? ಉಪ್ಪು, ವಿನೆಗರ್ ಹಾಕಿ ರುಬ್ಬಿದಾಗ ಮಾಂಸದ ಅಂಟು ಪ್ರೋಟೀನು ಹೊರಬರುತ್ತದೆ. ಅದಕ್ಕೆ ಧಾನ್ಯದ ಹಿಟ್ಟನ್ನೂ ಹಾಲಿನ ಪುಡಿಯನ್ನೂ ಸೇರಿಸಿದರು. ಬೇಕರ್ ತಮ್ಮ ಉಪಾಯಗಳನ್ನು ಪೇಟೆಂಟಿಗೆ ಕಟ್ಟಿಹಾಕದೆ ಎಲ್ಲರಿಗೂ ಹಂಚಿದ ಮನುಷ್ಯ. ಹೀಗೆ ಒಂದೇ ವೇಗದಲ್ಲಿ ಬೆಳೆದ, ಒಂದೇ ಅಳತೆಯ, ತನ್ನದೇ ರುಚಿ ಕಡಿಮೆಯಾದ ಮಾಂಸ ಕೊನೆಗೆ ಬನ್ನಿನ ಅಳತೆಗೆ ಬಂತು. ರುಚಿಯ ಹೊಣೆ ಸಾಸಿಗೆ ಬಿತ್ತು.

ನಮ್ಮಲ್ಲಿಗೆ ಈ ಕೋಳಿ ಬಂದ ದಾರಿಯೂ ಹೈದರಾಬಾದಿನ ಮೂಲಕವೇ ಹಾದಿದೆ. 1971ರಲ್ಲಿ ಬಿ. ವಿ. ರಾವ್ ಅವರು ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ್ದು ಈ ಊರಿನಲ್ಲಿ. ಅಮೆರಿಕದ ಕಾಬ್ ತಳಿ ಆನಂತರದ ವರ್ಷಗಳಲ್ಲಿ ಬಂತು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಬಾಗಿಲು ತೆರೆದಾಗ ಇಲ್ಲಿನ ಪಟ್ಟಿಯಲ್ಲಿ ದನದ ಮಾಂಸವೂ ಇರಲಿಲ್ಲ, ಹಂದಿಯದೂ ಇರಲಿಲ್ಲ. ನಮ್ಮ ಮಕ್ಕಳಿಗೆ ಬರ್ಗರ್ ಎಂದರೆ ಕೋಳಿ ಎಂದಾದದ್ದು ಹಾಗೆ. ಇದರಲ್ಲಿ ಒಂದು ತಮಾಷೆಯಿದೆ. ಜಗತ್ತಿನ ಫಾರಂ ಕೋಳಿಗಳ ಹಳದಿ ಚರ್ಮದ ಜೀನ್, ಮೂಲಪುರುಷನೆನಿಸಿದ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಬೂದು ಕಾಡುಕೋಳಿ ಎಂದರೆ ಮಲೆನಾಡಿನ ರಸ್ತೆಗಳಲ್ಲಿ ಬೆಳಗಿನ ಜಾವ ಕಾರಿಗೆ ಅಡ್ಡ ಓಡುತ್ತದಲ್ಲ, ಅದೇ.

ಇನ್ನು ಆಮೇಲೆ ಹೇಳುತ್ತೇನೆ ಎಂದದ್ದು.

2018ರ ಚಳಿಗಾಲದಲ್ಲಿ ಅಪ್ಪನಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದೆವು. ಒಂದಾದ ಮೇಲೊಂದು ಆ್ಯಂಟಿಬಯೋಟಿಕ್ ಸೋತಿತು. ಒಂಬತ್ತನೆಯ ದಿನ ಡಾಕ್ಟರು ಕರೆದು, ಉಳಿದಿರುವುದು ಕೊಲಿಸ್ಟಿನ್ ಒಂದೇ, ಅದು ಕಿಡ್ನಿಗೆ ಪೆಟ್ಟು ಕೊಡಬಹುದು, ಸಹಿ ಹಾಕಿ ಎಂದರು. ಹಾಕಿದೆ. ಆ ರಾತ್ರಿ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಆ ಹೆಸರು ಹುಡುಕಿದರೆ ಔಷಧದ ವಿವರದ ಜೊತೆಗೇ ಕಂಡದ್ದು ಕೋಳಿ ಮೇವಿನ ಸುದ್ದಿ. ಮನುಷ್ಯನಿಗೆ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡದ್ದನ್ನು ಕೋಳಿ ಬೇಗ ಕೊಬ್ಬಲೆಂದು ಹಾಕುತ್ತಿದ್ದರು.

ಇದರ ಮೂಲವೂ 1948ರಲ್ಲೇ ಇದೆ. ನ್ಯೂಯಾರ್ಕಿನ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜ್ಯೂಕ್ಸ್ ಎಂಬ ವಿಜ್ಞಾನಿ ಕೋಳಿಮರಿಗಳಿಗೆ ಅಗ್ಗದ ವಿಟಮಿನ್ ಬಿ12 ಹುಡುಕುತ್ತಾ, ಆರಿಯೋಮೈಸಿನ್ ತಯಾರಿಸಿ ಉಳಿದ ಗಸಿಯನ್ನು ಮೇವಿಗೆ ಬೆರೆಸಿದ. ಮರಿಗಳು ವಿಟಮಿನ್ನಿಗೂ ಮೀರಿ ಬೆಳೆದವು. ಕೆಲಸ ಮಾಡಿದ್ದು ಗಸಿಯಲ್ಲಿದ್ದ ಚೂರು ಔಷಧ. ಆ ಆರಿಯೋಮೈಸಿನ್ ಸಿಕ್ಕಿದ್ದು ಅದೇ ಸಂಸ್ಥೆಯ ಸಂಶೋಧನೆಯ ಮುಖ್ಯಸ್ಥರಾಗಿದ್ದ, ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಕಾಲದಲ್ಲಿ. ಕೋಳಿಯ ಪ್ರಯೋಗ ನಡೆಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಸಣ್ಣ ಪ್ರಮಾಣದಲ್ಲಿ ದಿನವೂ ಔಷಧ ತಿಂದರೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಅದನ್ನು ಎದುರಿಸಲು ಕಲಿಯುತ್ತವೆ. ಸ್ವೀಡನ್ 1986ರಲ್ಲಿ ಇದನ್ನು ನಿಲ್ಲಿಸಿತು, ಯುರೋಪು ಒಕ್ಕೂಟ 2006ರಲ್ಲಿ. ನಮ್ಮಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ. ಅಪ್ಪನ ಸೋಂಕು ಕೋಳಿಯಿಂದಲೇ ಬಂತೆಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಆಸ್ಪತ್ರೆಗಳಲ್ಲಿ, ಔಷಧದಂಗಡಿಗಳಲ್ಲಿ ನಾವೇ ಬೇಕಾಬಿಟ್ಟಿ ನುಂಗಿದ್ದೂ ಕಡಿಮೆಯಲ್ಲ. ಅಪ್ಪ ಮನೆಗೆ ಬಂದರು, ಆದರೆ ಕಿಡ್ನಿ ಸುಧಾರಿಸಲಿಲ್ಲ. ಎರಡು ವರ್ಷ ಇದ್ದರು.

ಹಾಗಾಗಿ ಎರಡನೆಯ ಸಲ ಬರ್ಗರ್ ಮಾಡುವಾಗ ಕೋಳಿ ಎಲ್ಲಿಂದ ಎಂಬುದೇ ಮೊದಲ ಪ್ರಶ್ನೆಯಾಯಿತು. ರುಚಿಯ ಹಾದಿಯೂ ಹೊಣೆಯ ಹಾದಿಯೂ ಒಂದೇ ಕಡೆ ಹೋಗುತ್ತಿದ್ದವು, ನಿಧಾನವಾಗಿ ಬೆಳೆದ ಹಕ್ಕಿಯ ಕಡೆಗೆ. ಇಂಥ ಹಕ್ಕಿಗಾಗಿ ನಮ್ಮವರೂ ದುಡಿದಿದ್ದಾರೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ, ಇಲ್ಲಿ ರಾಜೇಂದ್ರನಗರದ ಕೋಳಿ ಸಂಶೋಧನಾ ಕೇಂದ್ರದ ವನರಾಜ, ಇವೆಲ್ಲ ಹಿತ್ತಲಲ್ಲಿ ಕೆದಕಿ ತಿಂದು ಬೆಳೆಯಲೆಂದೇ ಮಾಡಿದ ಬಣ್ಣದ ತಳಿಗಳು. ಪೇಟೆಯಲ್ಲಿ 'ನಾಟು ಕೋಡಿ' ಎಂದು ಬೋರ್ಡ್ ಹಾಕಿ ಮಾರುವುದೆಲ್ಲ ಹಿತ್ತಲಿನದಲ್ಲ, ಶೆಡ್ಡಿನಲ್ಲೇ ಬೆಳೆದ ಬಣ್ಣದ ಪುಕ್ಕವೂ ಇರುತ್ತದೆ. ಚೇವೆಳ್ಳ ರಸ್ತೆಯಲ್ಲಿ ವನರಾಜ ಸಾಕುವ ಒಬ್ಬ ರೈತ ಸಿಕ್ಕಿದ. ಎಷ್ಟು ವಾರದ್ದು, ಮೇವೇನು, ಕಾಯಿಲೆ ಬಂದರೆ ಏನು ಕೊಡುತ್ತೀಯ, ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾರುತ್ತೀಯ ಎಂದು ಕೇಳಿದೆ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವನ ಹತ್ತಿರವೇ ಕೊಂಡೆ. ಬೆಲೆ ಬ್ರಾಯ್ಲರಿನ ಎರಡರಷ್ಟು ದಾಟಿತು. ತಿಂಗಳಿಗೆ ನಾಲ್ಕು ಸಲ ತಿನ್ನುತ್ತಿದ್ದವರು ಎರಡು ಸಲ ತಿಂದರಾಯಿತು.

ಕಾಲು, ತೊಡೆಯ ಮಾಂಸ ಬಿಡಿಸಿ, ಸ್ವಲ್ಪ ಎದೆಯದೂ ಸೇರಿಸಿ 500 ಗ್ರಾಂ. ಚರ್ಮ ಬಿಸಾಡಬಾರದು, ಜಿಡ್ಡು ಅದರಲ್ಲೇ ಇರುವುದು. ಈ ಮಾಂಸ ಬ್ರಾಯ್ಲರಿಗಿಂತ ಗಟ್ಟಿ, ಎರಡು ಸಲ ಕೈಮಾ ಮಾಡಿಸಬೇಕು. ಒಂದೂಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ ಹಣ್ಣಿನ ರಸ ಹಾಕಿ ಕೈಗೆ ಅಂಟುವವರೆಗೆ ನಾದಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ. ಬೇಕರ್ ಅವರ ಪಾಠ ಇಷ್ಟೇ. ಹಾಲಿನ ಪುಡಿಯ ಬದಲು ಏನು ಹಾಕಲಿ ಎಂದು ಡಬ್ಬಿಗಳನ್ನು ತೆಗೆದು ನೋಡುತ್ತಿದ್ದಾಗ ಅಮ್ಮ ಒಳಗೆ ಬಂದರು. ಪಾತ್ರೆಗೆ ಇಣುಕಿ, ಮಾತಾಡದೆ ಹುರಿಗಡಲೆ ಡಬ್ಬಿ ತೆಗೆದುಕೊಟ್ಟು, "ಪುಡಿ ಮಾಡಿ ಎರಡು ಚಮಚ ಹಾಕು" ಎಂದರು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಿಟಿಕೆ ಚಕ್ಕೆ ಲವಂಗದ ಪುಡಿ ಅವರೇ ಹಾಕಿದರು. ನಾಲ್ಕು ಬಿಲ್ಲೆ ತಟ್ಟಿ, ಕಾವಲಿಯಲ್ಲಿ ಮಧ್ಯಮ ಉರಿಯಲ್ಲಿ ಎರಡೂ ಕಡೆ ಬೇಯಿಸಿದೆ. ಥರ್ಮಾಮೀಟರ್ ಚುಚ್ಚಿ ನಡುವಿನಲ್ಲಿ 74 ಡಿಗ್ರಿ ಬಂದ ಮೇಲೆ ಇಳಿಸಿದೆ. ಮೂಳೆಗಳೆಲ್ಲ ಸಾರಿಗೆ ಹೋದವು.

ಮಗಳು ಸಾಸ್ ಬಾಟಲಿ ತೆಗೆದವಳು ಒಂದು ತುತ್ತು ತಿಂದು ಪಕ್ಕಕ್ಕಿಟ್ಟಳು. ಅಮ್ಮ ಮೇಲಿನ ಬನ್ನು ಎತ್ತಿ ನೋಡಿದರು.

"ಇದು ಕೈಮಾ ಉಂಡೆ ಕಣ್ಲಾ. ತಟ್ಟಿ ಮಡಗಿದ್ದೀಯ ಅಷ್ಟೆ."

ಇನ್ನರ್ಧ ಬನ್ನನ್ನು ಬದಿಗೆ ಸರಿಸಿ, ಬಿಲ್ಲೆಯನ್ನು ಮುದ್ದೆಯ ಜೊತೆ ತಿಂದರು.