ಬಸವಕಲ್ಯಾಣ, ಹುಮನಾಬಾದ ಸೀಮೆಯ ಊರು–ಮನೆತನಗಳ ಚರಿತ್ರೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಹಳ್ಳಿ, ಮನೆತನಗಳ ಚರಿತ್ರೆ ಶಾಸನಗಳಲ್ಲಿ, ಕಂದಾಯದ ದಫ್ತರಗಳಲ್ಲಿ, ಮಠ–ಸಂಸ್ಥಾನಗಳಲ್ಲಿ, ಹಿರಿಯರ ಬಾಯಲ್ಲಿ ಹಂಚಿಹೋಗಿದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ 1538ರಿಂದ ಚರ್ಚಿನ ವಹಿಗಳು ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುತ್ತ ಬಂದವು. ಈ ಸೀಮೆಯಲ್ಲಿ ಅಂಥ ವಹಿ ಇರಲಿಲ್ಲ. ಒಂದು ಮನೆತನದ ಜಾಡು ಹಿಡಿಯಬೇಕಾದರೆ ಹಲವು ಲಿಪಿಗಳನ್ನು ಓದಬೇಕು.

11ನೇ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ರಾಜಧಾನಿಯನ್ನು ತಂದ ಮೇಲೆ ಸುತ್ತಲಿನ ಊರುಗಳು ಶಾಸನಗಳಲ್ಲಿ ಹೆಚ್ಚು ಹೆಚ್ಚು ಕಾಣಿಸತೊಡಗಿದವು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೇ ಇದ್ದಾಳೆ. ಆದರೆ ಕಲ್ಲಿಗೇರಿದ ಹೆಸರುಗಳು ಹೆಚ್ಚಾಗಿ ಅರಸರು, ದಾನಿಗಳು, ವೀರರದು. ದುಡಿಯುವವರ ಹೆಸರು ಕಸುಬಿನೊಂದಿಗೆ ಉಳಿದದ್ದು 12ನೇ ಶತಮಾನದ ಶರಣರಿಂದ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ. ಈ ನಾಡಿನ ಜನಸಾಮಾನ್ಯರ ಚರಿತ್ರೆಗೆ ಈ ಹೆಸರುಗಳು ದೊಡ್ಡ ಆಸ್ತಿ.

ಮನೆತನದ ಲೆಕ್ಕಕ್ಕೆ ಕಾನೂನಿನ ತಳಹದಿ ಸಿಕ್ಕಿದ್ದೂ ಕಲ್ಯಾಣದಲ್ಲೇ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ನಿಲುವು ಬಂಗಾಳದಂಥ ಕೆಲವು ಪ್ರದೇಶ ಬಿಟ್ಟು ಭಾರತದ ಬಹುಭಾಗದಲ್ಲಿ ನಡೆಯಿತು. ಹೀಗಾಗಿ ವಂಶಾವಳಿ ಎಂದರೆ ಹೊಲದ ಪಾಲಿನ ಪತ್ರವೂ ಹೌದು.

ನಿಜಾಮರ ಕಾಲದಲ್ಲಿ ಕಲ್ಯಾಣಿ ಒಂದು ನವಾಬ ಮನೆತನದ ಜಹಗೀರಾಗಿತ್ತು. ಸರ್ಕಾರಿ ಕಾಗದಪತ್ರಗಳು ಮೊದಲು ಫಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ ನಡೆದವು. ಮರಾಠಿ ಲೆಕ್ಕಗಳು ಮೋಡಿ ಲಿಪಿಯಲ್ಲಿದ್ದವು. ಊರಿನ ಹುದ್ದೆಗಳೇ ಅಡ್ಡಹೆಸರಾದವು: ಕಂದಾಯ ನೋಡಿದವರು ಮಾಲಿಪಾಟೀಲ, ಕಾವಲು ನೋಡಿದವರು ಪೊಲೀಸ್ ಪಾಟೀಲ, ಲೆಕ್ಕ ಬರೆದವರು ಕುಲಕರ್ಣಿ. 1949ರಲ್ಲಿ ಜಹಗೀರುಗಳು ರದ್ದಾದವು. 1954–55ರ ಖಾಸ್ರಾ ಪಹಣಿ ಇಂದಿಗೂ ಜಮೀನಿನ ತಂಟೆಗಳಲ್ಲಿ ಹೊರಬರುವ ದಾಖಲೆ.

ಮಾಣಿಕನಗರದ ಕಥೆ ಬೇರೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು 1865ರಲ್ಲಿ ಹುಮನಾಬಾದದ ಪಕ್ಕದ ಮಾಣಿಕನಗರದಲ್ಲಿ ಸಮಾಧಿಸ್ಥರಾದರು. ಪೀಠ ಅವರ ಮನೆತನದಲ್ಲೇ ಮುಂದುವರಿದದ್ದರಿಂದ ಆ ವಂಶದ ಕ್ರಮ ಅಳಿಸದೆ ಉಳಿದಿದೆ.

ಸರ್ಕಾರಿ ದಾಖಲೆ ಇಲ್ಲದ ಕಡೆ ಜನರ ನೆನಪು ಕೆಲಸ ಮಾಡಿದೆ. 1948ರ ಮೇ ತಿಂಗಳಲ್ಲಿ ಗೋರಟಾ ಹಳ್ಳಿಯ ಮೇಲೆ ನಿಜಾಮರ ಪರದ ಖಾಸಗಿ ಪಡೆಯಾದ ರಜಾಕಾರರು ನಡೆಸಿದ ದಾಳಿಯನ್ನು ಹಿರಿಯರು ಹೇಳುತ್ತ ಬಂದಿದ್ದಾರೆ. ಉತ್ತರ ಕರ್ನಾಟಕದ ಹೆಳವರು ಮನೆಮನೆಗೆ ಬಂದು ತಲೆಮಾರುಗಳ ಹೆಸರು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಇಂಥ ವಂಶಾವಳಿಗಳು ಗಂಡುಸಂತತಿಯನ್ನೇ ಹಿಡಿದು ಸಾಗುತ್ತವೆ. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು ತವರಿನ ಪಟ್ಟಿಯಲ್ಲಿ ಹೆಸರಿಲ್ಲದೆ ಹೋದದ್ದು ಈ ಚರಿತ್ರೆಯ ದೊಡ್ಡ ಕೊರತೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲಿನ ಹಕ್ಕು ಕೊಟ್ಟ ಮೇಲೆ, ಪಾಲಿಗಾಗಿ ಬರೆಸುವ ವಂಶವೃಕ್ಷದಲ್ಲಿ ಅವರ ಹೆಸರನ್ನು ಬಿಡುವಂತಿಲ್ಲ.