ಮಾಟ, ಕಣಿ ಮತ್ತು ಬರಲಿರುವ ನ್ಯಾಯತೀರ್ಪು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಕ್ರೈಸ್ತ ಎಚ್ಚರಿಕೆಯ ಮರುಓದು

ಪ್ರಸ್ತಾವನೆ

ಕ್ರೈಸ್ತ ಬೋಧನೆಯಲ್ಲಿ ಎರಡು ಎಚ್ಚರಿಕೆಗಳು ಜೋಡಿಯಾಗಿ ಬರುತ್ತವೆ. ಮಾಟ, ಕಣಿ, ಶಕುನಗಳ ಗೊಡವೆಗೆ ಹೋಗಬೇಡಿ ಎಂಬುದು ಒಂದು. ದೇವರ ನ್ಯಾಯತೀರ್ಪು ಬರಲಿದೆ, ಅದನ್ನು ಮರೆತು ಬಾಳಬೇಡಿ ಎಂಬುದು ಇನ್ನೊಂದು. ಕೇಳುವವರಿಗೆ ಇವೆರಡೂ ಬೇರೆ ಬೇರೆ ಮಾತುಗಳಾಗಿ ತೋರುತ್ತವೆ. ಮೊದಲನೆಯದು ಮೈಗೆ, ಮನೆಗೆ, ಹೊಲಕ್ಕೆ ಇವತ್ತು ತಟ್ಟಿದ ಕೇಡಿನದು. ಎರಡನೆಯದು ಎಂದೋ ಬರುವ ದಿನದ್ದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಂಥ, ಬಾನಾಮತಿ ಎಂಬ ಮಾಟದ ಹೆದರಿಕೆ ತಲೆಮಾರುಗಳಿಂದ ಉಳಿದುಬಂದಿರುವ ಕಡೆ ಮೊದಲನೆಯ ಮಾತಿಗೆ ಸಹಜವಾಗಿಯೇ ಕಿವಿ ಹೆಚ್ಚು. ಈ ಲೇಖನದ ವಾದ ಇಷ್ಟು: ಬೈಬಲಿನಲ್ಲಿ ಈ ಎರಡೂ ಒಂದೇ ಬೋಧನೆ. ನ್ಯಾಯತೀರ್ಪಿನ ಮಾತನ್ನು ಬಿಟ್ಟು ಮಾಟದ ಮಾತನ್ನಷ್ಟೇ ಹೇಳಿದರೆ, ಓಡಿಸಬೇಕಾದ ಭಯವನ್ನೇ ಅದು ಬೆಳೆಸುತ್ತದೆ.

ಸೀಮೆಯ ಹಿನ್ನೆಲೆ

ಕೇಡು ತಟ್ಟಿದಾಗ ಏನು ಮಾಡಬೇಕೆಂಬ ಚರ್ಚೆ ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಗುರುತಿಸಿದ ಕ್ರಿ.ಪೂ. 3ನೇ ಶತಮಾನದ ಕಿರು ಬಂಡೆಶಾಸನ ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸನನ್ನು ಅಶೋಕ ಎಂದು ಹೆಸರಿಟ್ಟು ಕರೆದದ್ದಕ್ಕೆ ಪ್ರಸಿದ್ಧ. ಧರ್ಮದ ಫಲ ದೊಡ್ಡವರಿಗಷ್ಟೇ ಸಲ್ಲುವುದಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ. ಕೇಡಿನ ಹೊತ್ತಿನ ಆಚರಣೆಗಳ ಮಾತು ಬರುವ ಅಶೋಕನ 9ನೇ ಬಂಡೆಶಾಸನ ಮಸ್ಕಿಯಲ್ಲಿಲ್ಲ. ಅದರ ಪಾಠ ಕರ್ನೂಲು ಸೀಮೆಯ ಯರ್ರಗುಡಿಯಲ್ಲಿದೆ. ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣಗಳ ಹೊತ್ತಿಗೆ ಜನ ಮಾಡುವ ಬಗೆಬಗೆಯ ಮಂಗಳಾಚರಣೆಗಳಿಂದ ಸಿಗುವ ಫಲ ಅಲ್ಪವೆಂದು ಅದು ಹೇಳುತ್ತದೆ. ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದು, ಗುರುಹಿರಿಯರನ್ನು ಗೌರವಿಸುವುದು ನಿಜವಾದ ಮಂಗಳ ಎಂಬುದು ಅದರ ನಿಲುವು. ವಿಧಿಯಿಂದ ನಡತೆಗೆ, ಅದರಲ್ಲೂ ಕೈಕೆಳಗಿನವರೊಡನೆಯ ನಡತೆಗೆ ಮಾತನ್ನು ತಿರುಗಿಸುವ ಈ ಕ್ರಮ ಬೈಬಲಿನ ಪ್ರವಾದಿಗಳಲ್ಲೂ ಕಾಣುತ್ತದೆ. 12ನೇ ಶತಮಾನದ ವಚನಕಾರರು ಶಕುನ, ಮುಹೂರ್ತ, ಕ್ಷುದ್ರದೈವಗಳ ಮೇಲಿನ ನಂಬಿಕೆಯನ್ನು ಟೀಕಿಸಿದ್ದೂ ಇದೇ ಸಾಲಿನದು.

ಕ್ರೈಸ್ತ ಧರ್ಮವೂ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯದ ಮೂಲ ಬಿಜಾಪುರದ ಆದಿಲಶಾಹಿ ಕಾಲಕ್ಕೆ, 16ನೇ ಶತಮಾನಕ್ಕೆ ಹೋಗುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಮೆಥೊಡಿಸ್ಟ್ ಮಿಷನ್ ರಾಯಚೂರು ಭಾಗದಲ್ಲಿ ನೆಲೆಯೂರಿತು. ಈಗ ಇವುಗಳ ಜೊತೆಗೆ ಪೆಂಟೆಕೊಸ್ತಲ್ ಮತ್ತು ಸ್ವತಂತ್ರ ಸಭೆಗಳೂ ಇವೆ. ಈ ಸಭೆಗಳ ಪ್ರಾರ್ಥನಾಕೂಟಗಳಲ್ಲಿ ದೆವ್ವ ಬಿಡಿಸುವ ‘ಬಿಡುಗಡೆ ಪ್ರಾರ್ಥನೆ’ಗೆ ದೊಡ್ಡ ಜಾಗವಿದೆ.

ಬಾನಾಮತಿ: ಅನುಭವ ಮತ್ತು ವಿವರಣೆ

ಬೀದರ್, ಕಲಬುರಗಿ, ರಾಯಚೂರು ಸೀಮೆಯಲ್ಲೂ ನೆರೆಯ ತೆಲಂಗಾಣದಲ್ಲೂ ಬಾನಾಮತಿ ಎಂದರೆ ಬರಿಯ ಮಾಟವಲ್ಲ. ಇದ್ದಕ್ಕಿದ್ದಂತೆ ಬಟ್ಟೆಗೆ ಬೆಂಕಿ ಹತ್ತುವುದು, ಮನೆಯ ಮೇಲೆ ಕಲ್ಲು ಬೀಳುವುದು, ಅನ್ನದಲ್ಲಿ ಹೊಲಸು ಕಾಣುವುದು, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು, ಮೈ ನಡುಗಿ ಬೀಳುವುದು, ಇವೆಲ್ಲ ಅದರ ಲಕ್ಷಣಗಳೆಂದು ಜನ ಹೇಳುತ್ತಾರೆ. ‘ಯಾರೋ ಮಾಡಿಸ್ಯಾರ’ ಎಂಬ ಒಂದು ಮಾತಿನೊಂದಿಗೆ ಹುಡುಕಾಟ ಶುರುವಾಗುತ್ತದೆ. ಅಂತ್ರ, ತಾಯತ, ಮಂತ್ರಿಸಿದ ನಿಂಬೆಹಣ್ಣು, ಕಣಿಯವರ ಬಳಿ ಹೇಳಿಕೆ ಕೇಳುವುದು ಒಂದಾದ ಮೇಲೊಂದು ಬರುತ್ತವೆ, ಪ್ರತಿ ಹಂತದಲ್ಲೂ ದುಡ್ಡು ಕೈಬಿಡುತ್ತದೆ.

ಮಾನವಶಾಸ್ತ್ರಜ್ಞ ಇ. ಇ. ಇವಾನ್ಸ್-ಪ್ರಿಚರ್ಡ್ ಆಫ್ರಿಕದ ಅಜಾಂಡೆ ಜನರ ಕುರಿತು 1937ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ. ಗೆದ್ದಲು ತಿಂದ ಕಣಜ ಕುಸಿಯುತ್ತದೆ ಎಂಬುದು ಆ ಜನಕ್ಕೂ ಗೊತ್ತಿತ್ತು. ಅವರು ಕೇಳುತ್ತಿದ್ದದ್ದು, ಇಂಥವನೇ ಅದರ ನೆರಳಿನಲ್ಲಿ ಕೂತಿದ್ದ ಗಳಿಗೆಯಲ್ಲೇ ಅದು ಯಾಕೆ ಕುಸಿಯಿತು ಎಂದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಕ್ಕ ಸಿಂಧನೂರಿನ ಭತ್ತದ ಗದ್ದೆಗೂ ಮಳೆ ನೆಚ್ಚಿದ ಲಿಂಗಸುಗೂರು, ಮಸ್ಕಿಯ ಒಣ ಹೊಲಕ್ಕೂ ಅಂತರ ಬಹಳ. ಕೆಲವರ ಕೈ ಮೇಲಾಗಿ ಕೆಲವರು ಗುಳೆ ಹೋಗುವಾಗ ‘ನಮಗೇ ಯಾಕೆ ಹಿಂಗಾತು’ ಎಂಬ ಪ್ರಶ್ನೆ ಏಳುವುದು ಸಹಜ. ಬಾನಾಮತಿ ಆ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮನುಷ್ಯನ ಹೆಸರನ್ನು ಕೊಡುತ್ತದೆ. ಅದು ಬಹುಮಟ್ಟಿಗೆ ವಿಧವೆಯ, ಒಂಟಿ ಮುದುಕಿಯ, ಇಲ್ಲವೇ ಜಾತಿಯಲ್ಲಿ ಕೆಳಗಿಟ್ಟವರ ಹೆಸರಾಗಿರುತ್ತದೆ. ಅನುಮಾನಿತರ ಮಂತ್ರಶಕ್ತಿ ಕಳೆಯಲೆಂದು ಅವರ ಹಲ್ಲು ಕಿತ್ತ ಪ್ರಕರಣಗಳು ತೆಲಂಗಾಣ ಭಾಗದಿಂದ ವರದಿಯಾಗಿವೆ.

ಇಂಥ ಲಕ್ಷಣಗಳನ್ನು ಮನೋವೈದ್ಯರು ಮನಸ್ಸಿನ ಒತ್ತಡ ಮೈಯಲ್ಲಿ ಪ್ರಕಟವಾಗುವ ಬಗೆಯೆಂದೂ, ಒಬ್ಬರಿಂದೊಬ್ಬರಿಗೆ ಹಬ್ಬುವ ಸಮೂಹ ಸನ್ನಿಯೆಂದೂ ವಿವರಿಸುತ್ತಾರೆ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗ ಮುಂದೆ ದೇಶದ ಕಾರ್ಯಕ್ರಮಕ್ಕೇ ಮಾದರಿಯಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಮಂತ್ರ, ತಾಯತಗಳಿಂದ ರೋಗ ವಾಸಿಯಾಗುತ್ತದೆಂಬ ಜಾಹೀರಾತನ್ನು 1954ರ ಕೇಂದ್ರ ಕಾಯ್ದೆಯೇ ತಡೆಯುತ್ತದೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿಗಾಗಿ ನಡೆಸುವ ವಾಮಾಚಾರ, ದೆವ್ವ ಬಿಡಿಸುವ ನೆಪದ ಹಿಂಸೆ, ಹಾವು ಚೇಳು ಕಚ್ಚಿದಾಗ ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದು ಅದರಡಿ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ದೇಹಕ್ಕೆ ಗಾಯವಾಗದ ಪೂಜೆ, ಪ್ರಾರ್ಥನೆಗಳನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಜ್ಯೋತಿಷ್ಯ, ವಾಸ್ತು ಸಲಹೆಗಳೂ ಅದರ ಹೊರಗೇ ಉಳಿದಿವೆ.

ಗ್ರಂಥದ ಮಾತು

ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಹೇಳುವವರು, ಶಕುನ ನೋಡುವವರು, ಮಾಟಗಾರರು, ಸತ್ತವರನ್ನು ವಿಚಾರಿಸುವವರು ಎಂದು ಪಟ್ಟಿ ಮಾಡಿ ಇವರ ಹಾದಿ ತುಳಿಯಬಾರದೆನ್ನುತ್ತದೆ. ಮಗುವನ್ನು ಬಲಿಕೊಡುವವರನ್ನು ಆ ಪಟ್ಟಿಯ ಮೊದಲಿಗೇ ಇಟ್ಟಿರುವುದನ್ನು ಗಮನಿಸಬೇಕು. ನಾಳೆಯನ್ನು ಕೈವಶ ಮಾಡಿಕೊಳ್ಳುವ ಹಂಬಲಕ್ಕೆ ದುರ್ಬಲ ಜೀವ ಬಲಿಯಾಗುತ್ತದೆ ಎಂಬುದು ನಿಷೇಧದ ಒಳಮರ್ಮ. ನಾಳೆ ದೇವರದು, ಅದನ್ನು ಕದ್ದು ನೋಡುವುದಾಗಲಿ, ಕೊಂಡುಕೊಳ್ಳುವುದಾಗಲಿ ಮನುಷ್ಯನಿಗೆ ಸಲ್ಲದು.

ಮಾಟದ ಮಾತನ್ನೂ ತೀರ್ಪಿನ ಮಾತನ್ನೂ ಒಂದೇ ವಾಕ್ಯದಲ್ಲಿ ಹೊಂದಿಸುವುದು ಮಲಾಕಿಯನ ಗ್ರಂಥದ 3ನೇ ಅಧ್ಯಾಯದ 5ನೇ ವಚನ. ದೇವರು ತಾನೇ ನ್ಯಾಯತೀರಿಸಲು ಬಂದು ಸಾಕ್ಷಿ ನುಡಿಯುವುದು ಯಾರ ವಿರುದ್ಧ ಎಂಬ ಪಟ್ಟಿ ಅಲ್ಲಿದೆ. ಅದರಲ್ಲಿ ಮಾಟಗಾರರಿದ್ದಾರೆ, ವ್ಯಭಿಚಾರಿಗಳಿದ್ದಾರೆ, ಸುಳ್ಳಾಣೆ ಇಡುವವರಿದ್ದಾರೆ. ಅವರ ಬೆನ್ನಿಗೇ ಕೂಲಿಯವನ ಕೂಲಿಯನ್ನು ನುಂಗುವವರು, ವಿಧವೆಯನ್ನೂ ತಬ್ಬಲಿಯನ್ನೂ ಹಿಂಸಿಸುವವರು, ಪರದೇಶಿಗೆ ನ್ಯಾಯ ತಪ್ಪಿಸುವವರು ಬರುತ್ತಾರೆ. ಈ ವಚನವನ್ನು ಅರ್ಧಕ್ಕೆ ಓದುವ ಹಕ್ಕು ಯಾವ ಬೋಧಕನಿಗೂ ಇಲ್ಲ. ಮಾಟಗಾರನಿಗೆ ಕಾದಿರುವ ತೀರ್ಪೇ ಗುಳೆ ಹೋದವರ ಕೂಲಿ ಹಿಡಿದ ಮೇಸ್ತ್ರಿಗೂ ಕಾದಿದೆ, ವಿಧವೆಯನ್ನು ಮಾಟಗಾತಿಯೆಂದು ಬಡಿದ ಊರಿಗೂ ಕಾದಿದೆ.

1 ಸಮುವೇಲ 28ರ ಸೌಲನ ಕತೆ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ. ನಾಡಿನಿಂದ ಕಣಿಯವರನ್ನು ಓಡಿಸಿದ್ದ ಅರಸನೇ ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಏಂದೋರಿನ ಹೆಂಗಸಿನ ಬಾಗಿಲಿಗೆ ಹೋದ. 1 ಪೂರ್ವಕಾಲವೃತ್ತಾಂತ 10 ಅವನ ಸಾವಿಗೆ ಕೊಡುವ ಕಾರಣಗಳಲ್ಲಿ ಇದೂ ಒಂದು. ಆ ಹೆಂಗಸಿಗೆ ಶಿಕ್ಷೆಯಾದ ಮಾತು ಎಲ್ಲೂ ಇಲ್ಲ. ಕಂಗೆಟ್ಟು ಬಿದ್ದ ಅರಸನಿಗೆ ಕರು ಕೊಯ್ದು, ರೊಟ್ಟಿ ಸುಟ್ಟು ಉಣ್ಣಿಸಿದವಳು ಅವಳು. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಫಿಲಿಪ್ಪಿಯ ಕಣಿ ಹೇಳುವ ಹುಡುಗಿ ಒಬ್ಬ ಗುಲಾಮಳು. ಪೌಲ ಅವಳನ್ನು ಬಿಡಿಸಿದಾಗ ಅವಳ ಯಜಮಾನರು ಸಿಟ್ಟಾದದ್ದು ತಮ್ಮ ಗಳಿಕೆ ನಿಂತಿತೆಂದು. ಎಫೆಸದಲ್ಲಿ ಸುಟ್ಟ ಮಾಟದ ಗ್ರಂಥಗಳ ಬೆಲೆ 50,000 ಬೆಳ್ಳಿ ನಾಣ್ಯವೆಂದು 19ನೇ ಅಧ್ಯಾಯ ಲೆಕ್ಕ ಕೊಡುತ್ತದೆ. ಸುಟ್ಟವರು ಹೊಸದಾಗಿ ನಂಬಿದವರು, ಸುಟ್ಟದ್ದು ಸ್ವಂತ ಗ್ರಂಥಗಳನ್ನು. ಅಲ್ಲಿ ಯಾರೂ ಪಕ್ಕದ ಮನೆಗೆ ಬೆಂಕಿ ಇಡಲಿಲ್ಲ.

ಈ ಎಚ್ಚರಿಕೆ ನೆರೆಯವರ ಮೇಲೆ ಎತ್ತುವ ಆಯುಧವಲ್ಲ ಎಂಬುದನ್ನು ಕ್ರೈಸ್ತ ಸಭೆಯೇ ಮರೆತ ಕಾಲವಿತ್ತು. ವಿಮೋಚನಕಾಂಡ 22ರ ಒಂದು ವಿಧಿಯನ್ನು ಹಿಡಿದು 15ರಿಂದ 18ನೇ ಶತಮಾನದ ನಡುವೆ ಯುರೋಪು ಸುಮಾರು 40ರಿಂದ 50 ಸಾವಿರ ಜನರನ್ನು ಮಾಟಗಾರರೆಂದು ಕೊಂದಿತೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಹೆಂಗಸರೇ ಹೆಚ್ಚು. 1692ರಲ್ಲಿ ಅಮೆರಿಕದ ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಐದು ವರ್ಷದ ಬಳಿಕ ಅದೇ ವಸಾಹತು ಪಶ್ಚಾತ್ತಾಪದ ಉಪವಾಸ ಮಾಡಿತು. ತೀರ್ಪು ಕೊಟ್ಟ ಪಂಚರು ಕ್ಷಮೆ ಕೇಳಿದರು.

ಕಾಲಜ್ಞಾನ ಮತ್ತು ಕಾಲದ ಲೆಕ್ಕ

ಬರಲಿರುವ ತೀರ್ಪೆಂಬ ಕಲ್ಪನೆಯೂ ಈ ಸೀಮೆಗೆ ಅಪರಿಚಿತವಲ್ಲ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಈಗಿನ ಯಾದಗಿರಿ ಜಿಲ್ಲೆಯಲ್ಲಿ ಕೊಡೇಕಲ್ ಇದೆ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನ ಮುಂಬರುವ ಕೇಡುಗಳನ್ನೂ ಕೆಟ್ಟ ವ್ಯವಸ್ಥೆಯ ಬುಡಮೇಲನ್ನೂ ನುಡಿಯುತ್ತದೆ. ಕನ್ನಡದ ಕಾಲಜ್ಞಾನ ಸಾಹಿತ್ಯದಲ್ಲಿ ವೀರವಸಂತರಾಯನೆಂಬ ಅರಸನ ಬರವನ್ನು ಕಾಯುವ ನಂಬಿಕೆಯೂ ಇದೆ. 1840ರ ಸುಮಾರಿಗೆ ಹುಬ್ಬಳ್ಳಿ, ಧಾರವಾಡ ಭಾಗದಲ್ಲಿ ಇಂಥ ಕಾಲಜ್ಞಾನಿಗಳ ಗುಂಪೊಂದು, ಪಡುವಣದಿಂದ ಬರುವ ಗುರುಗಳೆಂದು ತಮ್ಮ ಗ್ರಂಥಗಳು ಹೇಳಿದ್ದು ಇವರನ್ನೇ ಎಂದು ನಂಬಿ ಬಾಸೆಲ್ ಮಿಷನ್ನಿನವರ ಬಳಿ ಬಂತು. ಆ ಮಿಷನ್ನಿನ ಹರ್ಮನ್ ಮ್ಯೋಗ್ಲಿಂಗ್ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ಊರೊಂದನ್ನು ಕಟ್ಟಲು ಹೊರಟರು, ಯೋಜನೆ ಕೈಗೂಡಲಿಲ್ಲ.

ಈ ಪ್ರಸಂಗ ಎರಡು ಪಾಠ ಕೊಡುತ್ತದೆ. ತೀರ್ಪಿನ ನಿರೀಕ್ಷೆ ಮೂಲದಲ್ಲಿ ಕೆಳಗಿನವರ ಆಸೆ, ಅನ್ಯಾಯಕ್ಕೆ ಕೊನೆಯುಂಟೆಂಬ ನಂಬಿಕೆ. ಆದರೆ ಅದು ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬ ಲೆಕ್ಕಕ್ಕೆ ಇಳಿದ ಕೂಡಲೇ ಕಣಿಯಾಗುತ್ತದೆ. ಮತ್ತಾಯ 24ರಲ್ಲಿ ಯೇಸು ಆ ದಿನವೂ ಗಳಿಗೆಯೂ ತಂದೆಗೊಬ್ಬನಿಗೇ ಗೊತ್ತೆಂದು ಹೇಳಿ ನೋಹನ ಕಾಲವನ್ನು ನೆನಪಿಸುತ್ತಾನೆ. ಜಲಪ್ರಳಯದ ಹಿಂದಿನ ದಿನದವರೆಗೂ ಜನ ಉಣ್ಣುತ್ತ, ಕುಡಿಯುತ್ತ, ಮದುವೆ ಮಾಡುತ್ತ ಇದ್ದರು. ತಾರೀಖು ತಪ್ಪಿ ಎಣಿಸಿದ್ದು ಅವರ ತಪ್ಪಾಗಿರಲಿಲ್ಲ. ಲೆಕ್ಕ ಒಪ್ಪಿಸಬೇಕೆಂಬ ಅರಿವೇ ಇರಲಿಲ್ಲ. ತೀರ್ಪು ತಡವಾಯಿತೆಂದು ನಗುವವರಿಗೆ 2 ಪೇತ್ರ 3 ಕೊಡುವ ಉತ್ತರವೂ ಲೆಕ್ಕದ್ದಲ್ಲ. ಆ ತಡ ಮನುಷ್ಯ ತಿರುಗಿಕೊಳ್ಳಲೆಂದು ದೇವರು ತೋರುವ ತಾಳ್ಮೆ. ಹೀಗಿರುವಾಗ ಯುದ್ಧ, ರೋಗ, ಬರಗಳನ್ನು ಕೂಡಿಸಿ ಲೋಕಾಂತ್ಯದ ವರ್ಷ ಹೇಳುವ ಬೋಧಕ ತಾನು ಖಂಡಿಸುವ ಕಣಿಯವನ ಕಸುಬನ್ನೇ ಮಾಡುತ್ತಾನೆ.

ಎಚ್ಚರಿಕೆ ದಾರಿ ತಪ್ಪುವ ಬಗೆ

ಬಿಡುಗಡೆ ಪ್ರಾರ್ಥನೆಯನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. ಆದರೆ ಯಾರೂ ಮುಟ್ಟದ ಹೆಣ್ಣುಮಗಳ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು ಪ್ರಾರ್ಥಿಸುವ ಸಭೆ ಅವಳಿಗೆ ಕೊಡುವ ಆಸರೆ ಸಣ್ಣದಲ್ಲ. ತೊಡಕು ಇರುವುದು ಇನ್ನೊಂದು ಕಡೆ. ‘ಇದನ್ನು ನಿನಗೆ ಮಾಡಿಸಿದವರು ಇಂಥ ದಿಕ್ಕಿನವರು’ ಎಂದು ವೇದಿಕೆಯ ಮೇಲಿಂದ ಹೇಳಿದರೆ, ಪ್ರಾರ್ಥನೆ ಹೇಳಿಕೆಯಾಗಿಬಿಡುತ್ತದೆ. ಪ್ರಾರ್ಥಿಸಿದ ಎಣ್ಣೆ, ಕರವಸ್ತ್ರಗಳಿಗೆ ಬೆಲೆ ಕಟ್ಟಿದರೆ ಅವೂ ತಾಯತಗಳೇ. ಹಣಕ್ಕಾಗಿ ಕಣಿ ಹೇಳುವ ಪ್ರವಾದಿಗಳನ್ನು ಮೀಕನ 3ನೇ ಅಧ್ಯಾಯ ಲಂಚ ತಿನ್ನುವ ನಾಯಕರ ಸಾಲಿನಲ್ಲೇ ನಿಲ್ಲಿಸುತ್ತದೆ. ಮಾತ್ರೆ ಬಿಡಿಸಿ ನಂಬಿಕೆಯನ್ನು ಪರೀಕ್ಷಿಸುವುದಂತೂ ರೋಗಿಯ ಜೀವದ ಜೊತೆ ಆಡುವ ಆಟ.

ಎಲ್ಲಕ್ಕಿಂತ ಕಠಿಣವಾದ ಮಾತು ಮತ್ತಾಯ 7ರದು. ನಿನ್ನ ಹೆಸರಿನಲ್ಲಿ ದೆವ್ವಗಳನ್ನು ಬಿಡಿಸಿದೆವಲ್ಲ ಎಂದು ಆ ದಿನ ಹೇಳಿಕೊಳ್ಳುವವರನ್ನು ಯೇಸು ತಾನು ಅರಿಯೆನೆಂದು ದೂರ ತಳ್ಳುತ್ತಾನೆ. ಮತ್ತಾಯ 25ರ ತೀರ್ಪಿನಲ್ಲಿ ಕೇಳುವ ಪ್ರಶ್ನೆಗಳು ಹಸಿದವರ, ಬಾಯಾರಿದವರ, ಪರದೇಶಿಗಳ, ರೋಗಿಗಳ, ಸೆರೆಯಲ್ಲಿರುವವರ ಕುರಿತವು. ದೆವ್ವ ಬಿಡಿಸಿದ ಲೆಕ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ನ್ಯಾಯತೀರ್ಪು ದೇವರ ಮನೆಯಿಂದಲೇ ಶುರುವಾಗುತ್ತದೆಂದು 1 ಪೇತ್ರ 4 ಹೇಳುವುದರಿಂದ, ಎಚ್ಚರಿಕೆ ಮೊದಲು ಮುಟ್ಟಬೇಕಾದದ್ದು ಅದನ್ನು ಸಾರುವವರನ್ನೇ.

ಉಪಸಂಹಾರ

ಮಾಟದ ಭಯ ನಮ್ಮ ಕೇಡಿಗೆ ನೆರೆಯವರನ್ನು ಹೊಣೆ ಮಾಡುತ್ತದೆ. ನ್ಯಾಯತೀರ್ಪಿನ ಬೋಧನೆ ನೆರೆಯವರ ಕೇಡಿಗೆ ನಮ್ಮನ್ನು ಹೊಣೆ ಮಾಡುತ್ತದೆ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಮದ್ದಿಲ್ಲ. ತೀರ್ಪು ದೇವರದೆಂದು ನಿಜವಾಗಿ ನಂಬಿದವನು ‘ಯಾರು ಮಾಡಿಸಿದರು’ ಎಂಬ ಹುಡುಕಾಟವನ್ನು ಅಲ್ಲಿಗೇ ಬಿಡಬಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಭಾಪಾಲಕರಲ್ಲಿ ಈ ಲೇಖನದ ಬಿನ್ನಹ ನಾಲ್ಕು: ಯಾವ ಪ್ರಾರ್ಥನೆಯಲ್ಲೂ ಯಾರನ್ನೂ ಮಾಟಗಾರರೆಂದು ಹೆಸರಿಸಬೇಡಿ, ಲೋಕಾಂತ್ಯದ ವರ್ಷ ಎಣಿಸಬೇಡಿ, ನರಳುವವರ ಜೊತೆ ಪ್ರಾರ್ಥಿಸಿ ಅವರನ್ನು ತಾಲ್ಲೂಕು ಆಸ್ಪತ್ರೆಗೂ ಕರೆದೊಯ್ಯಿರಿ, ಮಲಾಕಿಯನ ಆ ವಚನವನ್ನು ಓದುವಾಗಲೆಲ್ಲ ಕೂಲಿಯವನ, ವಿಧವೆಯ, ಪರದೇಶಿಯ ಮಾತು ಮುಗಿಯುವ ತನಕ ಓದಿ.